ಕೆಮ್ಮಬಾರದ ಕೋಣೆ

“ಏಯ್ ಮುದುಕಿ, ಮೂತಿ ತೆಗಿ ಅಲ್ಲಿಂದ. ತಟ್ಟೆ ಲೋಟ ಇಡೋ ಜಾಗ ಅದು.”

ಮನೆಯ ಯಜಮಾನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಮುದುಕಿ ಕಬೋರ್ಡಿನ ಬಾಗಿಲಿಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿಕೊಂಡು, ಮೇಲಿಂದ ಕೆಳಕ್ಕೆ ಮೆಲ್ಲಗೆ ಜಾರುತ್ತಿದ್ದಳು. ಬೈಗುಳ ಕೇಳಿಸಿದರೂ ಕೆನ್ನೆ ತಕ್ಷಣ ಏಳಲಿಲ್ಲ. ಕೆಳಗಿನ ಮೂಲೆ ಮುಟ್ಟಿದ ಮೇಲೆಯೇ ಎದ್ದಳು. ಎದ್ದವಳು ಯಜಮಾನನ ಕಡೆ ತಿರುಗಲೂ ಇಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಸೊಸೆಗೆ, “ಆ ಮೊಳೆ ತಲೆ ಹತ್ರ ಮೆತ್ತಿದ ಪುಟ್ಟಿ ಇನ್ನೂ ಉಬ್ಬಿದೆ ಕಣೇ, ಇನ್ನೊಂದಿಷ್ಟು ಉಜ್ಜು,” ಅಂದಳು.

“ಕಿವೀನೂ ಹೋಗಿದೆಯಾ ಇವಳಿಗೆ?”

ಮೇಸ್ತ್ರಿ ಬಣ್ಣ ಕಲಸುತ್ತಿದ್ದವನು ಕೋಲು ಹಿಡಿದುಕೊಂಡೇ ಓಡಿಬಂದ. “ಸಾರ್, ನುಣುಪಾಗಿದೆಯೋ ಇಲ್ವೋ ಅಂತ ಅವಳು ನೋಡೋದೇ ಹಾಗೆ ಸಾರ್. ಉಜ್ಜಿ ಉಜ್ಜಿ ಅಂಗೈ ಜಡ್ಡುಗಟ್ಟಿದೆ. ಕೈಗೆ ತಿಳಿಯಲ್ಲ, ಕೆನ್ನೆಗೆ ತಿಳಿಯುತ್ತೆ.”

“ಇವತ್ತು ಕೆನ್ನೆ, ನಾಳೆ ನಾಲಿಗೆ ಹಚ್ಚಿ ನೋಡ್ತಾಳೆ. ಒರೆಸ್ರಿ ಅದನ್ನ. ಚೆನ್ನಾಗಿ ಒರೆಸ್ರಿ.”

ಸೊಸೆ ಬಟ್ಟೆಗೆ ಥಿನ್ನರ್ ಹಾಕಿಕೊಂಡು ಅತ್ತೆಯ ಕೆನ್ನೆ ತಾಗಿದ ಜಾಗವನ್ನೆಲ್ಲ ಒರೆಸಿದಳು. ಆ ಕೆನ್ನೆ ಆ ಬಾಗಿಲಿನ ಮೇಲೆ ಏನನ್ನೂ ಬಿಟ್ಟಿರಲಿಲ್ಲ. ಒರೆಸುವುದನ್ನು ಯಜಮಾನ ನಿಂತು ನೋಡಿದ, ಸಮಾಧಾನವಾದ ಮೇಲೆ ಹೋದ.

ಬೇರೆಯವರ ಮನೆಯಲ್ಲಿ ಅತ್ತೆಯಾದವಳು ಸೊಸೆಗೆ ಅಡುಗೆ ಕಲಿಸುತ್ತಾಳೆ, ಕೊಂಕು ಕಲಿಸುತ್ತಾಳೆ. ಈ ಅತ್ತೆ, ಸೊಸೆ ಮನೆಗೆ ಬಂದ ವಾರದಲ್ಲೇ ಅವಳ ಕೈಗೆ ಉಪ್ಪುಕಾಗದ ಕೊಟ್ಟವಳು. ಮರದ ಎಳೆ ಯಾವ ಕಡೆಗಿದೆಯೋ ಆ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ, ಆ ಗೀರು ಈಗ ಕಾಣದೆ ಬಣ್ಣ ಒಣಗಿದ ಮೇಲೆ ಎದ್ದು ಕೂರುತ್ತದೆ ಅಂತ ಹೇಳಿಕೊಟ್ಟಿದ್ದಳು. ದೊರಗು ಕಾಗದದಿಂದ ಶುರು, ಆಮೇಲೆ ನಯದ್ದು, ತಳಬಣ್ಣದ ಪ್ರೈಮರ್ ಆದಮೇಲೆ ಇನ್ನೂ ನಯದ್ದು. ಪ್ರತಿಸಲ ಒರೆಸು, ಪ್ರತಿಸಲ ಕೆನ್ನೆ ಇಡು. ಮಗ ಲಾರಿ ಓಡಿಸಿಕೊಂಡು ದೂರದೂರು ಸುತ್ತುತ್ತಿದ್ದ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಒಂದೇ ಬುತ್ತಿಯಲ್ಲಿ ಉಂಡು, ಒಂದೇ ಧೂಳು ಕುಡಿದು ಅತ್ತೆ ಸೊಸೆ ಬದುಕಿಕೊಂಡಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವ ಗಾದೆ ಕೇಳಿದಾಗಲೆಲ್ಲ ಮುದುಕಿ, “ನಮ್ಮಿಬ್ಬರದ್ದೂ ಒಂದೇ ಕಾಲ ಕಣೇ, ಅದೂ ಧೂಳು ಹಿಡಿದಿದೆ,” ಅಂತ ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು.

ಆ ಕೆಮ್ಮೇ ಈಗ ಈ ಮನೆಯ ದೊಡ್ಡ ಸಂಗತಿಯಾಗಿತ್ತು.

ಮೊನ್ನೆ ಬಣ್ಣದ ಕೊನೆಯ ಕೋಟ್ ಹೊಡೆದಿದ್ದರು. ಒಣಗಿದ ಮೇಲೆ ಯಜಮಾನ ಬಂದು, ಬಾಗಿಲುಗಳಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದ. ಅಲ್ಲೊಂದು ಇಲ್ಲೊಂದು ಧೂಳಿನ ಕಾಳು ಕೂತಿತ್ತು. “ಕನ್ನಡಿ ಥರ ಇರ್ಬೇಕು ಅಂದಿದ್ದೆ. ಇದು ಸಿಡುಬೆದ್ದ ಮುಖದ ಥರ ಇದೆ,” ಅಂದ. ಪಕ್ಕದ ಕಟ್ಟಡದಲ್ಲಿ ಕಲ್ಲು ಕೊಯ್ಯುತ್ತಾರೆ, ಅಡುಗೆಮನೆಯ ಬಾಗಿಲು ತೆಗೆದು ಹಾಕಿ ಮಾಡುವಾಗ ಗಾಳಿ ಬಂದಿದೆ ಅಂತ ಮೇಸ್ತ್ರಿ ಹೇಳಿ ನೋಡಿದ. ಬಾಗಿಲು ತೆಗೆದು ಹಾಕಿದ್ದು ಯಜಮಾನನೇ, ಕೆಲಸ ಎಲ್ಲಿಗೆ ಬಂತು ಅಂತ ಇಣುಕುವುದಕ್ಕೆ. ಅದನ್ನು ಮೇಸ್ತ್ರಿ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೂ ನಡೆಯುತ್ತಿರಲಿಲ್ಲ, ಯಾಕೆಂದರೆ ಯಜಮಾನ ಆಗಲೇ ತೀರ್ಮಾನ ಮಾಡಿಯಾಗಿತ್ತು. ಹಾಲಿನಲ್ಲಿ ಕೂತವನಿಗೆ ಮುದುಕಿಯ ಕೆಮ್ಮು ಕೇಳಿಸಿತ್ತು. ಇದು ಅವಳ ಉಗುಳು ಅಂದ. ಅಲ್ಲಿಗೆ ಮುಗಿಯಿತು. ಹೊಡೆದ ಕೋಟನ್ನೆಲ್ಲ ಮತ್ತೆ ಉಜ್ಜಿ ತೆಗೆಯುವಷ್ಟರಲ್ಲಿ ಅತ್ತೆ ಸೊಸೆಯರ ಭುಜ ಕಳಚಿ ಬಿದ್ದಂತಾಗಿತ್ತು.

“ಮೇಲಿನೆರಡು ಮನೇನೂ ನಂದೇ,” ಅಂತ ಯಜಮಾನ ಮೇಸ್ತ್ರಿಗೆ ಹೇಳಿದ್ದ. “ಈ ಸಲದ ಕೋಟ್ ನೋಡ್ಕೊಂಡು ಆ ಕೆಲಸದ ಮಾತಾಡೋಣ.” ಮೇಸ್ತ್ರಿ ಅಂದಿನಿಂದ ಊಟವನ್ನೇ ಸರಿಯಾಗಿ ಮಾಡಿರಲಿಲ್ಲ. ಮುದುಕಿಯನ್ನು ಬಿಟ್ಟು ಬೇರೆ ಯಾರನ್ನಾದರೂ ಕರೆದುಕೊಂಡು ಬಾ ಅಂತಲೂ ಯಜಮಾನ ಅಂದಿದ್ದ. “ಅತ್ತೆ ಇಲ್ಲದಿದ್ರೆ ನಾನೂ ಬರಲ್ಲ,” ಅಂತ ಸೊಸೆ ಮೇಸ್ತ್ರಿಯ ಮುಖಕ್ಕೇ ಹೇಳಿದಳು. ಅತ್ತೆ ಮನೆಯಲ್ಲಿ ಕೂತರೆ ಒಂದೇ ವಾರದಲ್ಲಿ ಮಲಗಿಬಿಡುತ್ತಾಳೆ, ಮಲಗಿದರೆ ಏಳುವುದಿಲ್ಲ ಅನ್ನುವ ಹೆದರಿಕೆ ಅವಳಿಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕೋಣೆ ಸಿದ್ಧವಾಯಿತು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿದು ಸುತ್ತಲೂ ಟೇಪ್ ಎಳೆದರು. ನಲ್ಲಿಗೆ ಪೇಪರ್ ಸುತ್ತಿದರು, ಸ್ವಿಚ್ಚಿನ ಮೇಲೆ ಪೇಪರ್ ಅಂಟಿಸಿದರು, ಕಬೋರ್ಡಿನ ಹಿಡಿಕೆಗಳನ್ನು ಬಿಚ್ಚಿ ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿಟ್ಟರು. ಮೇಸ್ತ್ರಿ ತನ್ನ ಹಳೆಯ ಮಾಸ್ಕ್ ಹಾಕಿಕೊಂಡ. ಇನ್ನು ಆ ಕೋಣೆಯಲ್ಲಿ ಏನೂ ಮುಚ್ಚದೆ ಉಳಿದದ್ದು ಎರಡು ಹೆಂಗಸರ ಮೂಗು ಬಾಯಿ ಮಾತ್ರ. ತಲೆಗೆ ಕಟ್ಟಿದ ಬಟ್ಟೆಯನ್ನೇ ಮೂಗಿನ ಮೇಲಕ್ಕೆ ಎಳೆದುಕೊಳ್ಳುವುದು ಅವರ ಅಭ್ಯಾಸ.

ಯಜಮಾನ ಬಂದು ಕಟ್ಟಳೆ ಓದಿದ. “ಫ್ಯಾನ್ ಹಾಕಂಗಿಲ್ಲ. ಯಾರೂ ಹೊರಗೆ ಬರಂಗಿಲ್ಲ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಟೇಪ್ ಹೊಡೀತೀನಿ, ಒಣಗಿದ ಮೇಲೆ ನಾನೇ ತೆಗೀತೀನಿ. ಮುಖ್ಯವಾಗಿ, ಒಳಗೆ ಯಾರೂ ಕೆಮ್ಮಂಗಿಲ್ಲ.”

ಮುದುಕಿ ಸೊಸೆಯ ಕಿವಿಯ ಹತ್ತಿರ ಬಾಗಿದಳು. “ಹೂಸು ಬಿಡಬಹುದೇನೋ ಕೇಳೇ. ಅದಕ್ಕೂ ಅಪ್ಪಣೆ ಬೇಕೇನೋ.”

ಸೊಸೆಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದಕ್ಕೆ ಮುದುಕಿಯೂ ನಕ್ಕಳು. ನಗು ಗಂಟಲಲ್ಲಿ ತಿರುಗಿ ಕೆಮ್ಮಾಯಿತು, ಕೆಮ್ಮು ಅವಳನ್ನು ಬಗ್ಗಿಸಿ ಹಿಡಿದು ಅಲ್ಲಾಡಿಸಿತು.

“ನೋಡು, ನೋಡು,” ಅಂದ ಯಜಮಾನ. “ಈಗ ಹೇಳಿ ಬಾಯಿ ಮುಚ್ಚಿಲ್ಲ.” ಅವನ ಕಣ್ಣು ನೆಲದ ಮೇಲಿದ್ದ ಟೇಪಿನ ಸುರುಳಿಯ ಮೇಲೆ ಬಿತ್ತು. “ಇದೆಯಲ್ಲ ಟೇಪ್. ಹಚ್ಚು ಅವಳ ಬಾಯಿಗೆ.”

ಮೇಸ್ತ್ರಿ ತಮಾಷೆಯೆಂದುಕೊಂಡು ಹಲ್ಲು ಕಿರಿದ. ಯಜಮಾನ ಕಿರಿಯಲಿಲ್ಲ.

“ನೀನಲ್ಲ. ನೀನು,” ಅಂತ ಸೊಸೆಗೆ ಬೆರಳು ತೋರಿಸಿದ. “ನಿನ್ನ ಅತ್ತೆ ತಾನೇ. ನೀನೇ ಹಚ್ಚು.”

ಸೊಸೆ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಕೆಟ್ಟವನಲ್ಲ. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣೊಳಗೆ ಮೇಲಿನೆರಡು ಮನೆ ಬಿಟ್ಟು ಬೇರೇನೂ ಇರಲಿಲ್ಲ. “ಹಚ್ಚು ತಾಯಿ,” ಅಂದ ಮೆಲ್ಲಗೆ. “ಬಡವನ ಕೋಪ ದವಡೆಗೆ ಮೂಲ. ಒಂದು ಗಳಿಗೆ ಮಟ್ಟಿಗೆ.”

“ನಾನು ಹಚ್ಚಲ್ಲ.”

ಮುದುಕಿಯೇ ಟೇಪಿನ ಸುರುಳಿ ಎತ್ತಿ ಸೊಸೆಯ ಕೈಗಿಟ್ಟಳು. “ಹಚ್ಚೇ. ಚೌಕಟ್ಟಿಗೆ ಹಚ್ಚಲ್ವಾ ಬಣ್ಣ ತಾಗದಿರಲಿ ಅಂತ? ಹಾಗೇ ಅಂದ್ಕೋ. ಬೇಗ ಕೆಲಸ ಮುಗಿಸ್ಕೊಂಡು ಮನೆಗೆ ಹೋಗೋಣ.”

ಸೊಸೆ ಟೇಪ್ ಹರಿದು ಅತ್ತೆಯ ಬಾಯಿಗೆ ಹಚ್ಚಿದಳು. ಹಚ್ಚಿದ ಮೇಲೆ ಅವಳ ಹೆಬ್ಬೆರಳು ತಾನಾಗಿಯೇ ಈ ತುದಿಯಿಂದ ಆ ತುದಿಗೆ ಒತ್ತಿಕೊಂಡು ಹೋಯಿತು, ಎಲ್ಲೂ ಗುಳ್ಳೆ ಏಳದ ಹಾಗೆ, ಅಂಚು ಬಿಡದ ಹಾಗೆ. ದಿನಾ ಮಾಡುವ ಕೆಲಸ, ಬೆರಳಿಗೆ ಮರ ಯಾವುದು ತುಟಿ ಯಾವುದು ಗೊತ್ತಾಗಲಿಲ್ಲ. ಗೊತ್ತಾದಾಗ ಅವಳಿಗೆ ತನ್ನ ಕೈಯ ಮೇಲೇ ಅಸಹ್ಯ ಹುಟ್ಟಿತು.

“ಹಾಂ,” ಅಂದ ಯಜಮಾನ. ಬಾಗಿಲು ಹಾಕಿಕೊಂಡ. ಚಿಲಕ ಬಿತ್ತು, ಆಮೇಲೆ ಟೇಪ್ ಎಳೆಯುವ ಸದ್ದು ಬಾಗಿಲಿನ ಸುತ್ತಲೂ ಹೋಯಿತು. ಬಾಗಿಲಿನ ನಡುವೆ ಅಂಗೈ ಅಗಲದ ಗಾಜಿತ್ತು. ಆ ಗಾಜಿನಲ್ಲಿ ಅವನ ಮುಖ ಸ್ವಲ್ಪ ಹೊತ್ತು ಇದ್ದು, ಹೋಗಿ, ಮತ್ತೆ ಬಂತು.

ಮೇಸ್ತ್ರಿ ಬಣ್ಣ ಸಿಂಪಡಿಸುವ ಗನ್ ಎತ್ತಿಕೊಂಡ. ಹೊರಗೆ ಅದಕ್ಕೆ ಗಾಳಿ ಒತ್ತುವ ಕಂಪ್ರೆಸರ್ ಗುಡುಗಿತು. ಅವನ ಕೈ ಬಹಳ ಚೆನ್ನಾದ ಕೈ. ಒಂದೇ ದೂರ, ಒಂದೇ ವೇಗ, ತೆಳ್ಳಗೆ ಒಂದು ಪದರ. ಬಣ್ಣ ಮಂಜಿನ ಹಾಗೆ ಹೋಗಿ ಬಾಗಿಲಿನ ಮೇಲೆ ಕೂತು, ಕೂತಲ್ಲೇ ಹರಡಿ ಹೊಳೆಯಿತು. ಮುದುಕಿ ಬ್ಯಾಟರಿ ದೀಪವನ್ನು ಓರೆಯಾಗಿ ಹಿಡಿದಿದ್ದಳು. ಓರೆ ಬೆಳಕಿನಲ್ಲಿ ಎಲ್ಲಿ ಕಾಳು ಕೂತರೂ ಅದರ ನೆರಳು ಉದ್ದವಾಗಿ ಬಿದ್ದು ಸಿಕ್ಕಿಬೀಳುತ್ತದೆ. ಸೊಸೆ ಸೂಜಿ ಹಿಡಿದು, ಬಣ್ಣ ಹಸಿಯಿರುವಾಗಲೇ ಆ ಕಾಳನ್ನು ಮೆಲ್ಲಗೆ ಎತ್ತಬೇಕು. ಎತ್ತಿದ ಜಾಗ ತಾನಾಗಿ ಮುಚ್ಚಿಕೊಳ್ಳುತ್ತದೆ.

ಮೊದಲನೆಯ ಸಾಲು ಮುಗಿಯುವಷ್ಟರಲ್ಲಿ ಕೋಣೆಯ ತುಂಬ ಥಿನ್ನರ್ ವಾಸನೆ ದಟ್ಟವಾಯಿತು. ಕಣ್ಣು ಉರಿಯಿತು, ನಾಲಿಗೆಯ ಮೇಲೆ ಸಿಹಿಯಂಥದ್ದೇನೋ ಕೂತಿತು. ಸೊಸೆ ಗಾಜಿನ ಕಡೆ ನೋಡಿದಳು. ಮುಖ ಇರಲಿಲ್ಲ. “ಅತ್ತೆ, ಟೇಪ್ ತೆಗೀತೀನಿ ಬಾ,” ಅಂತ ಕೈ ಚಾಚಿದಳು. ಮುದುಕಿ ತಲೆಯಾಡಿಸಿ ಹಿಂದಕ್ಕೆ ಸರಿದಳು. ದೀಪದ ಮೂತಿಯನ್ನು ಕಬೋರ್ಡಿನ ಕಡೆ ತಿರುಗಿಸಿ, ಗಲ್ಲ ಎತ್ತಿ, ಅಲ್ಲಿ ನೋಡು ಅಂತ ಸನ್ನೆ ಮಾಡಿದಳು. ಅಲ್ಲೊಂದು ಕಾಳು ಕೂತಿತ್ತು. ಸೊಸೆ ಹೋಗಿ ಅದನ್ನು ಎತ್ತಿದಳು.

“ಬೆಳಕು,” ಅಂದ ಮೇಸ್ತ್ರಿ ಮಾಸ್ಕಿನೊಳಗಿಂದ. “ಬೆಳಕು ಅಲ್ಲಾಡ್ತಿದೆ.”

ಬಾಯಿ ಮುಚ್ಚಿದರೆ ಕೆಮ್ಮು ಹೋಗುವುದಿಲ್ಲ. ಅದು ಮೂಗಿಗೆ ಬರುತ್ತದೆ, ಮೂಗು ಸಾಲದಾದಾಗ ಎದೆಗೇ ತಿರುಗಿಬೀಳುತ್ತದೆ. ಮುದುಕಿಯ ಭುಜಗಳು ಜಗ್ಗುತ್ತಿದ್ದವು. ಕುತ್ತಿಗೆಯ ನರ ಉಬ್ಬಿ, ಕಣ್ಣಿನಿಂದ ನೀರಿಳಿದು, ಕೆನ್ನೆಯ ಮೇಲಿದ್ದ ಪುಟ್ಟಿಯ ಪುಡಿಯಲ್ಲಿ ಗೆರೆ ಮೂಡಿತ್ತು. ಆದರೂ ಎರಡೂ ಕೈಯಲ್ಲಿ ದೀಪವನ್ನು ಎದೆಗೆ ಒತ್ತಿ ಹಿಡಿದಿದ್ದಳು, ಬೆಳಕು ಅಲ್ಲಾಡದಿರಲೆಂದು. ಎರಡನೆಯ ಸಾಲು ಮುಗಿಯಿತು. ಕಿಟಕಿಯ ಚೌಕಟ್ಟು ಆಯಿತು. ಬಾಗಿಲುಗಳು ನಿಜವಾಗಿಯೂ ಕನ್ನಡಿಯಾಗಿದ್ದವು. ಮೇಸ್ತ್ರಿಯ ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದ ಗೆಲುವು ಬಂದಿತ್ತು.

ಹಾಗೆ ಹೊಳೆಯುವ ಬಾಗಿಲಿನಲ್ಲಿಯೇ ಸೊಸೆಗೆ ಅತ್ತೆ ಕುಸಿಯುವುದು ಕಾಣಿಸಿತು.

ದೀಪವನ್ನು ನೆಲಕ್ಕೆ ಜೋಪಾನವಾಗಿ ಇಟ್ಟೇ ಮುದುಕಿ ಕುಸಿದಳು. ಸೊಸೆ ಸೂಜಿ ಬಿಸಾಕಿ ಹೋಗಿ ಟೇಪ್ ಕಿತ್ತಳು. ತುಟಿಯ ಚರ್ಮವೂ ಅದರ ಜೊತೆಗೇ ಬಂತು. ಬಾಯಿ ತೆರೆಯಿತು, ಆದರೆ ಕೆಮ್ಮು ಬರಲಿಲ್ಲ. ಉಸಿರೂ ಬರಲಿಲ್ಲ. ಕೊಕ್ಕೆ ಹಾಕಿ ಎಳೆದ ಹಾಗೆ ಎದೆ ಮೇಲೆದ್ದು ಅಲ್ಲೇ ನಿಂತಿತು. ತುಟಿ ನೀಲಿಯಾಗುತ್ತಿತ್ತು.

ಸೊಸೆ ಗಾಜಿಗೆ ಬಡಿದಳು. “ಸಾರ್, ಬಾಗಿಲು ತೆಗೀರಿ. ಅತ್ತೆಗೆ ಉಸಿರು ಸಿಗ್ತಿಲ್ಲ. ಸಾರ್.”

ಯಜಮಾನ ಫೋನಿನಲ್ಲಿ ಮಾತಾಡುತ್ತಿದ್ದವನು ಗಾಜಿನ ಹತ್ತಿರ ಬಂದು ಕೈ ಎತ್ತಿ ತಾಳು ಅಂತ ತೋರಿಸಿದ. ಮಾತು ಮುಗಿಸಿ, “ಒಣಗೋವರೆಗೂ ತೆಗೆಯಲ್ಲ ಅಂತ ಹೇಳಿದ್ನಲ್ಲ? ಮೊನ್ನೇನೂ ಇದೇ ನಾಟಕ. ಕೂರಿಸು ಅವಳನ್ನ, ಸರಿಹೋಗ್ತಾಳೆ,” ಅಂದ. ಬೆನ್ನು ತಿರುಗಿಸಿದ.

ಸೊಸೆ ಕಿಟಕಿಯ ಕಡೆ ನೋಡಿದಳು. ಅವಳ ಮನಸ್ಸಿನಲ್ಲಿ ಬಂದದ್ದು ಮೇಸ್ತ್ರಿಗೆ ತಿಳಿಯಿತು.

“ಬೇಡ ತಾಯಿ. ಹಸಿ ಇದೆ. ಪಕ್ಕದಲ್ಲಿ ಕಲ್ಲು ಕೊಯ್ತಿದಾರೆ, ಕೇಳಿಸ್ತಿಲ್ವಾ? ಇನ್ನೊಂದೇ ಬಾಗಿಲು. ನಿನ್ನ ಕಾಲಿಗೆ ಬೀಳ್ತೀನಿ.”

“ನಿನ್ನಮ್ಮ ಆಗಿದ್ರೆ?” ಅಂದಳು ಸೊಸೆ.

ಪ್ಲಾಸ್ಟಿಕ್ ಹಾಳೆಯನ್ನು ಮೇಲಿಂದ ಕೆಳತನಕ ಸೀಳಿದಳು. ಹಸಿ ಚೌಕಟ್ಟಿನ ಮೇಲೇ ಕೈಯೂರಿ ಕಿಟಕಿಯ ಗಾಜನ್ನು ಪಕ್ಕಕ್ಕೆ ತಳ್ಳಿದಳು. ಕಲ್ಲು ಕೊಯ್ಯುವ ಕಿರುಚಾಟ ಒಳಗೆ ನುಗ್ಗಿತು. ಅದರ ಹಿಂದೆಯೇ ಬಿಸಿಲಲ್ಲಿ ಬೆಳ್ಳಗೆ ಕಾಣುವ ಧೂಳು ಬಂತು. ಸೊಸೆ ಅತ್ತೆಯನ್ನು ಕಂಕುಳಲ್ಲಿ ಕೈ ಕೊಟ್ಟು ಎತ್ತಿ, ಅವಳ ಮುಖವನ್ನು ಹೊರಗೆ ಹಿಡಿದಳು. ಧೂಳಿನ ಗಾಳಿಯೇ, ಆದರೂ ಗಾಳಿ.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮುದುಕಿಯ ಎದೆಯ ಕೊಕ್ಕೆ ಕಳಚಿತು. ಅವಳು ಕೆಮ್ಮಿದಳು. ಬಾವಿಯ ತಳದಿಂದ ಬಂದ ಹಾಗಿತ್ತು ಆ ಕೆಮ್ಮು. ಕೆಳಗೆ ಕಲ್ಲು ಕೊಯ್ಯುತ್ತಿದ್ದವನು ಯಂತ್ರ ನಿಲ್ಲಿಸಿ ಮೇಲಕ್ಕೆ ನೋಡಿದ.

ಮೇಸ್ತ್ರಿ ಗನ್ ಹಿಡಿದುಕೊಂಡು ಕಬೋರ್ಡುಗಳನ್ನೇ ನೋಡುತ್ತ ನಿಂತಿದ್ದ. ಧೂಳು ಅವಸರವಿಲ್ಲದೆ ಒಂದೊಂದು ಬಾಗಿಲಿನ ಮೇಲೂ ಇಳಿಯುತ್ತಿತ್ತು. “ಹೋಯ್ತು,” ಅಂದ. “ಎಲ್ಲಾ ಹೋಯ್ತು.”

ಹೊರಗೆ ಟೇಪ್ ಪರಪರ ಹರಿಯಿತು. ಯಜಮಾನ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡು ಒಳಗೆ ಬಂದ. ಬಂದವನು ಮೊದಲು ಎಡಗಡೆಯ ಕಬೋರ್ಡ್ ನೋಡಿದ, ಆಮೇಲೆ ಬಲಗಡೆಯದ್ದು. ಕಿಟಕಿಯಲ್ಲಿ ಜೋತುಬಿದ್ದಿದ್ದ ಮುದುಕಿ ಅವನ ಕಣ್ಣಿಗೆ ಬಿದ್ದದ್ದು ಕೊನೆಗೆ, ಅದೂ ಕಿಟಕಿ ತೆರೆದಿದೆ ಅನ್ನುವ ಕಾರಣಕ್ಕೆ.

“ಸೂಳೇಮಕ್ಕಳಾ, ಏನ್ರೋ ಮಾಡಿದೀರಿ ಇದು? ಮುಚ್ಚೋ ಅದನ್ನ. ಉಳಿದಿರೋದಾದ್ರೂ ಉಳೀಲಿ, ಮುಚ್ಚೋ.”

ಮೇಸ್ತ್ರಿ ಗನ್ ಕೆಳಗಿಟ್ಟು ಬಂದ. ಕಿಟಕಿಯ ಗಾಜಿಗೆ ಕೈ ಹಾಕಿ ಎಳೆದ. ಸೊಸೆ ಅತ್ತೆಯ ತಲೆಯ ಮೇಲಿಂದ ತನ್ನ ಎಡಗೈಯನ್ನು ಸಂದಿಗೆ ತೂರಿಸಿದಳು. ಗಾಜಿನ ಅಂಚು ಬಂದು ಅವಳ ಮುಂಗೈಗೆ ತಾಗಿ ನಿಂತಿತು.

“ಕೈ ತೆಗಿ ತಾಯಿ.”

“ತೆಗೆಯಲ್ಲಣ್ಣ. ಮುಚ್ಚೋದಾದ್ರೆ ಕೈ ಸೇರಿಸಿ ಮುಚ್ಚು.”

“ಏನೋ ನೋಡ್ತಿದೀಯ, ಎಳಿ,” ಯಜಮಾನ ಗದರಿದ.

ಮೇಸ್ತ್ರಿ ಎಳೆಯಲಿಲ್ಲ. ಗಾಜಿನಿಂದ ಕೈ ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲಿಟ್ಟುಕೊಂಡು ಹಿಂದಕ್ಕೆ ಸರಿದ.

ಸೊಸೆ ಯಜಮಾನನ ಕಡೆ ತಿರುಗಿದಳು. ಈ ಮನೆಗೆ ಕಾಲಿಟ್ಟಂದಿನಿಂದ ಅವಳು ಅವನ ಮುಖವನ್ನು ಪೂರ್ತಿಯಾಗಿ ನೋಡಿರಲಿಲ್ಲ. ಈಗ ನೋಡಿದಳು.

“ಅವನಿಗ್ಯಾಕೆ ಹೇಳ್ತೀಯ?” ಅಂದಳು. “ನೀನೇ ಬಾರೋ. ನೀನೇ ಬಂದು ಮುಚ್ಚು.”

ಯಜಮಾನ ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡ. ಹಸಿ ಬಾಗಿಲುಗಳಿಗೆ ಅಂಗಿ ತಾಗದ ಹಾಗೆ ಮೈ ಹಿಡಿ ಮಾಡಿಕೊಂಡು ಬಂದು, ಕಿಟಕಿಯ ಗಾಜಿಗೆ ಕೈ ಹಾಕಿ ಎಳೆದ. ಅಂಚು ಸೊಸೆಯ ಮುಂಗೈ ಮೂಳೆಗೆ ಒತ್ತಿತು. ಅವನು ಇನ್ನೂ ಎಳೆದ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಅತ್ತೆಯ ಬೆನ್ನನ್ನು ಮೇಲಿಂದ ಕೆಳಕ್ಕೆ ನೀವುತ್ತಲೇ ಇದ್ದಳು.

“ಕೆಮ್ಮು ಅತ್ತೆ,” ಅಂದಳು. “ಜೋರಾಗಿ ಕೆಮ್ಮು.”