ನಡುವಿನ ಅಂಕಣ

ಹರಿಹರದ ಹೊಳೆ ಕಡೆಗಿದ್ದ ಮುರುಗೇಶಪ್ಪನವರ ಛತ್ರ ಏಳಂಕಣದ್ದು. ಕಂಬದಿಂದ ಕಂಬಕ್ಕೆ ಒಂದಂಕಣ. ಬಸ್ಸುಗಳು ಹೆಚ್ಚಿ ಅಲ್ಲಿ ತಂಗುವವರೇ ಇಲ್ಲವಾಗಿದ್ದರು. ರಾಜ್ಯ ಒಂದಾದ ಮರುವರ್ಷ ಅದನ್ನು ಹೆಣ್ಣುಮಕ್ಕಳ ಶಾಲೆ ಮಾಡೋಣವೆಂದು ಮಗಳು ಅಕ್ಕನಾಗಮ್ಮ ಅಪ್ಪನನ್ನು ಒಪ್ಪಿಸಿದಳು. ಸೋರುವ ಮಣ್ಣಿನ ಮಾಳಿಗೆ ಹೋಗಲಿ, ಕಂಬಗಳ ಮೇಲೆ ಕಬ್ಬಿಣದ ಗರ್ಡರ್ ಕೂರಿಸಿ ತೆಳು ಕಾಂಕ್ರೀಟ್ ಹಾಕಲಿ. ಕೆತ್ತನೆಯ ಮರದ ಕಂಬಗಳು ಮಾತ್ರ ಅಲುಗಕೂಡದು ಎಂಬುದು ಅವಳ ಕರಾರು.

ದಾವಣಗೆರೆಯ ಓವರ್ಸಿಯರ್ ವಾಮದೇವಪ್ಪ ಒಂದೇ ಅಂಕಣ ಅಳೆದು, ಏಳಕ್ಕೂ ಅದೇ ಅಳತೆಯ ಗರ್ಡರ್ ಕತ್ತರಿಸಿ ತಂದರು. ಏರಿಸಿ ನೋಡಿದರೆ ನಡುವಿನ ಅಂಕಣಕ್ಕೆ ಒಂದು ಮೊಳ ಸಾಲದು.

"ಹಳೇ ಮಂದಿಗೆ ಲೆಕ್ಕ ಬರ್ತಿರಲಿಲ್ಲ ಬಿಡ್ರಿ. ಕಂಬ ಕಿತ್ತು ಸಿಮೆಂಟಿಂದು ನಿಲ್ಸಾಣ, ಎಲ್ಲಾ ಸಮ ಆಗ್ತಾವೆ," ಎಂದರು.

ಅಪ್ಪ ತಲೆಯಾಡಿಸುವಷ್ಟರಲ್ಲಿ ಅಕ್ಕನಾಗಮ್ಮ ಮೊದಲ ಕಂಬದಿಂದ ನಡೆಯತೊಡಗಿದ್ದಳು. ತೀರಿಕೊಂಡ ಅಜ್ಜಿ ಬಸವಣ್ಣೆಮ್ಮ ಹೀಗೇ ಕೈಹಿಡಿದು ನಡೆಸುತ್ತ ಕಥೆ ಹೇಳುತ್ತಿದ್ದಳು. ಅಂಕಣಕ್ಕೆ ಮೂರು ಹೆಜ್ಜೆ, ಅಷ್ಟರೊಳಗೆ ರಾಜನ ಮಗಳು ಒಂದು ಕಾಡು ದಾಟಬೇಕು. ನಾಲ್ಕನೆಯದರಲ್ಲಿ ಮಾತ್ರ ನಾಲ್ಕು ಹೆಜ್ಜೆ. ಅಲ್ಲಿ ಎರಡೂ ಮಗ್ಗುಲಿಗೆ ಮುತ್ತಿನ ಚೀಲ ಹೇರಿದ ಎತ್ತು, ಕಂಬಕ್ಕೆ ತಾಗದೆ ಒಳಗೆ ಬರುತ್ತಿತ್ತು.

"ಲೆಕ್ಕ ಬರ್ತಿತ್ರಿ ಸಾಹೇಬ್ರೆ," ಎಂದಳು. "ಹೇರಿನ ಎತ್ತು ಬರ್ಲಿ ಅಂತ ಅಗಲ ಬಿಟ್ಟಾರೆ. ನಮ್ಮಜ್ಜಿ ಕಥೆ ನಂಬಬ್ಯಾಡ್ರಿ, ಎದುರಿಗಿರೋ ಬಾಗಿಲು ಅಳೀರಿ."

ವಾಮದೇವಪ್ಪ ಟೇಪು ಹಿಡಿದರು. ಬಾಗಿಲೂ ಅಂಕಣವೂ ಅಂಗುಲ ತಪ್ಪದೆ ಒಂದೇ. ಅವರು ಟೇಪು ಸುತ್ತಿಕೊಂಡರು.

"ಈಗ ಎತ್ತೆಲ್ಲೈತವ್ವ? ಲಾರಿ ಬಂದಾವೆ," ಮುರುಗೇಶಪ್ಪ ನಕ್ಕರು.

"ಹುಡುಗ್ಯಾರು ಬರ್ತಾರಪ್ಪ. ಎರಡೂ ಕಡೆ ಮಣೆ, ನಡುವೆ ದಾರಿ. ಮ್ಯಾಲಿನ ಬೆಳಕಿಂಡಿ ಅಲ್ಲೇ ಇರ್ಲಿ, ಗಾಜು ಹಾಕ್ಸಾಣ."

ಬಡಗಿ ಕಲ್ಲಪ್ಪ ಒಂದು ಕಂಬದ ಬುಡ ತಟ್ಟಿದ. "ಇದು ಲಡ್ಡು ಹಿಡದು ಮೆತ್ತಗಾಗೈತೆ ಅಕ್ಕಾರೆ. ಸಿಮೆಂಟಿನ ಬುಡ ಕಟ್ಟಿ ಮರದ ಬಣ್ಣ ಬಳೀಲೇನು?"

"ಬ್ಯಾಡ. ಸಿಮೆಂಟು ಸಿಮೆಂಟಿನಂಗೇ ಕಾಣ್ಲಿ. ಅದಕ್ಕೇನು ನಾಚಿಕೆ?"

ಮುರುಗೇಶಪ್ಪ ನಡುವಿನ ಕಂಬದ ಮೇಲೆ ಕೈಯಿಟ್ಟರು. "ನಾಲ್ಕನೇದಕ್ಕೆ ಉದ್ದಂದು ಗರ್ಡರ್ ತರಿಸ್ರಿ ವಾಮದೇವಪ್ಪ." ಆಮೇಲೆ ಮಗಳ ಕಡೆ ತಿರುಗಿ ದನಿ ತಗ್ಗಿಸಿದರು. "ಆ ಎತ್ತು ಮುಂದೆಲ್ಲಿಗೆ ಹೋತು? ನಮ್ಮವ್ವ ನಂಗೂ ಹೆಗಲ ಮ್ಯಾಲೆ ಹಾಕ್ಕೊಂಡು ಹೇಳ್ತಿದ್ಲು. ಇಲ್ಲಿಗೆ ಬರೋದ್ರಾಗೆ ನಿದ್ದೆ ಬಂದುಬಿಡ್ತಿತ್ತು."

ಅಕ್ಕನಾಗಮ್ಮ ಅಪ್ಪನ ಕೈ ಹಿಡಿದಳು.

"ಇನ್ನೂ ಮೂರಂಕಣ ಐತಪ್ಪ. ನಡೀರಿ."