ಮೋಡವನ್ನು ತಡೆಯುವ ಬಲ

ಅಂಕೋಲೆಯ ವಿಜ್ಞಾನ ಪ್ರದರ್ಶನದಲ್ಲಿ ಗೆದ್ದ ಒಂದೇ ಮಾದರಿ ಕಾರವಾರದ ಜಿಲ್ಲಾ ಸ್ಪರ್ಧೆಗೆ ಹೋಗಬೇಕಿತ್ತು. ಅವರ್ಸಾದ ಶಾಲೆಯ ರಕ್ಷಿತಾ ೨೦೦೬ರಲ್ಲಿ ಹತ್ತನೆಯ ತರಗತಿಯಲ್ಲಿದ್ದಳು. ಅವಳ ಪಾಲಿಗೆ ಅದೇ ಕೊನೆಯ ಅವಕಾಶ.

ಮಾದರಿಯನ್ನು ಯೋಚಿಸಿದವರು ವಿಜ್ಞಾನ ಶಿಕ್ಷಕ ತಿಮ್ಮಪ್ಪ ಮಾಸ್ತರರು. ಕಡಲದಂಡೆಯ ಮರಳಿನಲ್ಲಿ ಅಯಸ್ಕಾಂತ ಎಳೆದರೆ ಕಪ್ಪು ಹರಳುಗಳು ಗಡ್ಡದಂತೆ ಅಂಟುವುದನ್ನು ಅಲ್ಲಿಯ ಮಕ್ಕಳೆಲ್ಲ ಬಲ್ಲರು. ಆ ಹರಳುಗಳನ್ನು ರಟ್ಟಿನ ಮೇಲೆ ಹರಡಿ, ಅಡಿಯಲ್ಲಿ ಅಯಸ್ಕಾಂತ ಹಿಡಿದು ಗುಂಪುಗೂಡಿಸಿದರು. ‘ಅನಿಲದ ಮೋಡದಲ್ಲಿ ಕಾಂತಕ್ಷೇತ್ರವು ನಕ್ಷತ್ರವನ್ನು ಕಟ್ಟುವ ಬಗೆ’ ಎಂದು ಫಲಕ ಬರೆದರು.

ರಕ್ಷಿತಾ ಗ್ರಂಥಾಲಯದ ಖಗೋಳ ಪುಸ್ತಕವನ್ನು ಓದಿ, ಪ್ರದರ್ಶನಕ್ಕೆ ವಾರ ಮೊದಲೇ ಮಾಸ್ತರರೆದುರು ಬಂದು ನಿಂತಳು.

“ಸರ್, ಇದು ಉಲ್ಟಾ ಆಗಿದೆ. ಮೋಡವನ್ನು ಒಳಗೆ ಜಗ್ಗೂದು ಗುರುತ್ವ. ಕಾಂತಕ್ಷೇತ್ರ ಅದನ್ನು ತಡೀತದೆ. ಅದಕ್ಕೇ ನಕ್ಷತ್ರ ಹುಟ್ಟೂಕೆ ಅಷ್ಟು ತಡ.”

“ಗಾಳಿಯಂಥ ಅನಿಲವನ್ನು ಅಯಸ್ಕಾಂತ ಹೆಂಗೆ ತಡೀತದೇ?”

“ವಿದ್ಯುತ್ ಇದ್ದ ಕಣ ಸ್ವಲ್ಪೇ ಇರ್ತವೆ, ಸರ್. ಅವು ಕ್ಷೇತ್ರಕ್ಕೆ ಸಿಕ್ಕಿ ನಿಲ್ತವೆ. ಉಳಿದವು ಅವಕ್ಕೆ ಡಿಕ್ಕಿ ಹೊಡೀತಾ, ಸಾವಕಾಶ ಜಾರಿ ಒಳಗೆ ಹೋಗ್ತವೆ.”

“ಅದನ್ನೆಲ್ಲ ರಟ್ಟಿನ ಮೇಲೆ ತೋರ್ಸೂಕಾಗ್ತದಾ ಮಾರಾಯ್ತಿ? ನೋಡೂಕೆ ಚಂದ ಇದೆ, ಸಾಕು. ಪರೀಕ್ಷಕರೇನು ಮೋಡದೊಳಗೆ ಹೋಗಿ ಬಂದವರಾ?”

ಬೀದಿಯಲ್ಲಿ ಸುಳ್ಳು ಹೇಳಿದವನಿಗೆ ನಾಚಿಕೆಯಾದರೂ ಉಂಟು. ಶಾಲೆಯೊಳಗೆ ಬಹುಮಾನಕ್ಕಾಗಿ ಹೇಳಿದ ಸುಳ್ಳಿಗೆ ಪಾಠವೆಂಬ ಗೌರವ ಸಿಕ್ಕಿಬಿಡುತ್ತದೆ. ಮಗು ಅದನ್ನು ಬಾಯಿಪಾಠ ಮಾಡಬೇಕಾಗುತ್ತದೆ.

ಪ್ರದರ್ಶನದ ದಿನ ರಕ್ಷಿತಾ ಒಂದಕ್ಷರವೂ ತಪ್ಪದೆ ಮಾಸ್ತರರ ಮಾತನ್ನೇ ಒಪ್ಪಿಸಿದಳು. ಪರೀಕ್ಷಕರಾಗಿದ್ದ ಶಿರವಾಡದ ನಿವೃತ್ತ ಉಪನ್ಯಾಸಕ ಮಂಗೇಶರು ಮೆಚ್ಚಿ ಕಾರವಾರಕ್ಕೆ ಅವಳ ಹೆಸರನ್ನು ಬರೆದುಕೊಂಡರು. ತಾನು ನಂಬದ ಮಾತನ್ನು ಅವಳು ಅಷ್ಟು ಸ್ಫುಟವಾಗಿ ನುಡಿದದ್ದನ್ನು ತಿಮ್ಮಪ್ಪ ಮಾಸ್ತರರಿಗೆ ತಡೆದುಕೊಳ್ಳಲಾಗಲಿಲ್ಲ. ಅವರು ಮುಂದೆ ಬಂದರು.

“ಸರ್, ಮಾದರಿ ತಪ್ಪು. ತಪ್ಪು ನನ್ನದು. ಹುಡುಗಿಗೆ ಸರಿಯಾದದ್ದು ಗೊತ್ತಿದೆ.”

ಮಂಗೇಶರು ಕನ್ನಡಕ ತೆಗೆದರು. “ಗೊತ್ತಿದ್ದೂ ತಪ್ಪು ಹೇಳಿದ್ಲಾ?”

ರಕ್ಷಿತಾ ನೆಲ ನೋಡಿದಳು.

“ನಾನೇ ಹೇಳ್ಸಿದ್ದು. ಈಗ ಬೇಕಾದ್ರೆ ಕೇಳಿ, ಸರಿಯಾಗಿ ಹೇಳ್ತಾಳೆ.”

“ನೀವು ಒಪ್ಕೊಂಡದ್ದು ಒಳ್ಳೇದಾಯ್ತು, ಮಾಸ್ತರ್ರೆ. ಆದ್ರೆ ತಪ್ಪು ಮಾದರಿಯನ್ನು ಕಾರವಾರಕ್ಕೆ ಕಳ್ಸೂಕೆ ಬರೂದಿಲ್ಲ.” ಅವರು ಹೆಸರಿನ ಮೇಲೆ ಗೆರೆ ಎಳೆದರು.

ಅವರ್ಸಾಕ್ಕೆ ಮರಳುವ ಬಸ್ಸಿನಲ್ಲಿ ಮಾಸ್ತರರ ಮನಸ್ಸು ಹಗುರಾಗಿತ್ತು. ಆ ಹಗುರವೇ ಅವರನ್ನು ಹಂಗಿಸತೊಡಗಿತು: ಸತ್ಯ ನುಡಿದ ನೆಮ್ಮದಿ ಅವರದು, ಅದರ ದಂಡ ಅವಳದು.

“ಸಿಟ್ಟು ಬಂತೇನೆ?” ಎಂದರು.

“ನಾ ಹೇಳಿದಾಗ್ಲೇ ಕೇಳಿದ್ರೆ ಆಗ್ತಿತ್ತು, ಸರ್.”

“ಮುಂದಿನ ವರ್ಷ ನೀ ಹೇಳಿದ ಹಂಗೇ ಮಾಡ್ವ.”

ರಕ್ಷಿತಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ಮುಂದಿನ ವರ್ಷ ನಾ ಈ ಶಾಲೆಯಲ್ಲಿ ಇರೂದಿಲ್ಲ, ಸರ್.”