ತಿಥಿಗೆ ಬಾರದ ಟೊಮೆಟೊ

ಶ್ರೀಕಂಠನ ವರ್ಷದ ತಿಥಿಗೆ ಇನ್ನೊಂದೇ ದಿನ. ಕೆನಡಾದ ರಿಚ್ಮಂಡ್ ಹಿಲ್ಲಿನ ಮನೆಯಲ್ಲಿ ಅವನ ಹೆಂಡತಿ ರತ್ನಾ ಅಡಿಗೆಮನೆ ಕಿಟಕಿಗೆ ಬೆನ್ನು ಹಾಕಿಕೊಂಡೇ ಕೆಲಸ ಮಾಡುತ್ತಿದ್ದಳು. ಕಿಟಕಿಯಾಚೆ ಬ್ಯಾಕ್‌ಯಾರ್ಡಿನಲ್ಲಿ ಟೊಮೆಟೊ ಹಣ್ಣಾಗಿದ್ದವು. ಹೋದ ವರ್ಷ ಅವನು ನೆಟ್ಟ ಗಿಡದ ಹಣ್ಣು ಉದುರಿ, ಹಿಮದಡಿ ಬಿದ್ದಿದ್ದ ಬೀಜ ಈ ಸಲ ತಾನಾಗಿ ಮೊಳೆತಿತ್ತು. ಯಾರೂ ನೀರು ಹಾಕಿರಲಿಲ್ಲ. ಹಾಳಾದವು, ಗೊಂಚಲು ಗೊಂಚಲು ಬಿಟ್ಟಿದ್ದವು.

ಮೈಸೂರಿನವನಾದ ಶ್ರೀಕಂಠನಿಗೆ ಟೊಮೆಟೊ ಸಾರು ಅಂದರೆ ಪ್ರಾಣ. ಮೂವತ್ತು ವರ್ಷ ಕೆನಡಾದಲ್ಲಿ ಇಂಜಿನಿಯರಾಗಿದ್ದರೂ ಸಾರನ್ನ ಉಣ್ಣದೆ ಊಟ ಆಯ್ತು ಅನ್ನುತ್ತಿರಲಿಲ್ಲ. ಕಿಡ್ನಿ ಕೈಕೊಟ್ಟ ಮೇಲೆ ಡಯಟಿಷಿಯನ್ ಒಂದು ಪಟ್ಟಿ ಕೊಟ್ಟಳು: ಟೊಮೆಟೊ ಬೇಡ, ಆಲೂಗಡ್ಡೆ ಬೇಡ, ಪೊಟ್ಯಾಸಿಯಂ ಏರುತ್ತೆ. ರತ್ನಾ ಅದನ್ನು ಫ್ರಿಜ್ಜಿಗೆ ಅಂಟಿಸಿ, ಪೊಲೀಸಿನವಳ ಹಾಗೆ ಕಾದಳು. ಕೊನೆಯ ವಾರ ಆಸ್ಪತ್ರೆಯಲ್ಲಿ ಅವನು, "ರತ್ನಾ, ಒಂದೇ ಒಂದು ಲೋಟ ಸಾರು ಕಣೇ," ಅಂತ ಅಂಗಲಾಚಿದ.

"ಸುಮ್ಮನಿರೀ. ನೆಟ್ಟಗಾಗಿ ಮನೆಗೆ ಬನ್ನಿ. ನಿಮ್ಮ ಗಿಡದ ಹಣ್ಣಲ್ಲೇ ಕೊಳದಪ್ಪಲೆ ತುಂಬ ಮಾಡಿ ಹಾಕ್ತೀನಿ."

ಅವನು ಮನೆಗೆ ಬರಲೇ ಇಲ್ಲ. ಆ ಸಾರನ್ನು ಹೇಗಾದರೂ ಅವನಿಗೆ ಮುಟ್ಟಿಸಬೇಕು ಅನ್ನುವುದೊಂದೇ ವರ್ಷದಿಂದ ರತ್ನಾಳ ಸಂಕಟ. ಕೊನೆಗೆ ಧೈರ್ಯ ಮಾಡಿ ಪುರೋಹಿತರಾದ ವಾಸುದೇವ ಭಟ್ಟರಿಗೆ ಫೋನ್ ಹಚ್ಚಿದಳು.

"ಭಟ್ಟರೇ, ನಾಳೆ ಎಲೆಗೆ ಸ್ವಲ್ಪ ಟೊಮೆಟೊ ಸಾರು ಬಡಿಸಬಹುದಾ?"

"ಏನಮ್ಮಾ, ನಿಮಗೆ ಗೊತ್ತಿಲ್ಲದ್ದೇ? ಇಂಗ್ಲಿಷ್ ತರಕಾರಿ ಯಾವುದೂ ತಿಥಿಗೆ ಬರೋಲ್ಲ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಒಂದೂ ಬೇಡ. ಕರಿಮೆಣಸಿನ ಸಾರು ಮಾಡಿ. ಬಾಳೆಕಾಯಿ, ಹಾಗಲಕಾಯಿ ಜೆರಾರ್ಡ್ ಇಂಡಿಯಾ ಬಜಾರಲ್ಲಿ ಸಿಗುತ್ತೆ."

ಗೊತ್ತಿರದೆ ಏನು! ಮಾವನ ತಿಥಿಯಲ್ಲಿ ಗೊಜ್ಜಿಗೆ ಹಸಿಮೆಣಸಿನಕಾಯಿ ಹಾಕಲು ಬಂದ ಇದೇ ಗಂಡನನ್ನು ಸೌಟು ತೋರಿಸಿ ಅಟ್ಟಿದ್ದವಳು ಅವಳೇ.

ಪಕ್ಕದಲ್ಲೇ ಕೇಳಿಸಿಕೊಂಡ ಮಗಳು ತನುಶ್ರೀಗೆ ರೇಗಿತು. "ಇಂಗ್ಲಿಷಾ? ಅಮ್ಮಾ, ದಟ್ಸ್ ಜಸ್ಟ್ ರಾಂಗ್. ಇಂಗ್ಲಿಷರು ಕಣ್ಣಲ್ಲಿ ನೋಡೋಕೆ ಎಷ್ಟೋ ಸಾವಿರ ವರ್ಷ ಮುಂಚೆ ಈ ಖಂಡದ ಮೂಲ ಜನ ಬೆಳೆಸಿದ್ದು ಇವೆಲ್ಲ. ಅಪ್ಪಂಗೆ ಗೊತ್ತಿತ್ತು. ಮಾರ್ಕೆಟ್ಟಲ್ಲಿ ಬೀಜ ಕೊಟ್ಟ ಆ ಮೂಲನಿವಾಸಿ ಓಜಿಬ್ವೆ ಅಜ್ಜಿ ಹತ್ರ ನಿಂತು ಗಂಟೆಗಟ್ಲೆ ಮಾತಾಡ್ತಿದ್ರು. ಬದುಕಿರೋವರೆಗೂ ತಿಂದು, ಸತ್ತ ಮೇಲೆ ಬೇಡ ಅಂದ್ರೆ ಹೇಗೆ?"

"ನನಗೂ ಹೊಟ್ಟೆ ಉರಿಯುತ್ತೆ ಕಣೇ. ಆದ್ರೆ ನಿಯಮ ತಪ್ಪಿ, ಮಾಡಿದ್ದು ಯಾವುದೂ ಅವರಿಗೆ ಮುಟ್ಟದೆ ಹೋದ್ರೆ ಏನು ಮಾಡ್ಲಿ?"

ತನುಶ್ರೀ ಬಾಳೆಕಾಯಿ ತರಲು ಕಾರಿನ ಕೀ ತೆಗೆದುಕೊಂಡಳು.

ಮಾರನೆಯ ದಿನ ರತ್ನಾ ಮಡಿಯಲ್ಲಿ ಒಂದಿಷ್ಟೂ ಲೋಪವಿಲ್ಲದೆ ಅಡಿಗೆ ಮಾಡಿದಳು. ತಿಥಿಗೆ ಕೂರುವ ಬ್ರಾಹ್ಮಣರು ಇಲ್ಲಿ ಸಿಗುವುದೇ ಕಷ್ಟ. ಬರ್ಲಿಂಗ್ಟನ್ನಿನ ಉದಯಕುಮಾರ ಆಫೀಸಿಗೆ ರಜೆ ಹಾಕಿ, ಬೆಳಗಿನಿಂದ ಉಪವಾಸವಿದ್ದು, ಪಿತೃಸ್ಥಾನದಲ್ಲಿ ಕೂತಿದ್ದರು. ಅವರು ಉಂಡರೆ ಶ್ರೀಕಂಠ ಉಂಡ ಹಾಗೆ. ಊಟ ಮುಗಿಯುತ್ತ ಬಂದಾಗ ಭಟ್ಟರು ಹೇಳಿಕೊಟ್ಟಂತೆ ಮಗ ಚಿರಂತನ್ ಕೈಮುಗಿದು, ತೃಪ್ತಿಯಾಯಿತೇ ಎಂದು ಸಂಸ್ಕೃತದಲ್ಲಿ ಕೇಳಿದ. ತೃಪ್ತರಾದೆವು ಅನ್ನಲು ಉದಯಕುಮಾರ ಬಾಯಿ ತೆರೆದರು.

"ಇಲ್ಲ. ಆಗಿಲ್ಲ."

ಅಂದವಳು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ರತ್ನಾ.

"ಅವರಿಗೆ ತೃಪ್ತಿಯಾಗಿಲ್ಲ ಭಟ್ಟರೇ. ಸಾಯೋವಾಗ ಒಂದು ಲೋಟ ಟೊಮೆಟೊ ಸಾರು ಕೇಳಿದ್ರು. ನಾನು ಕೊಡ್ಲಿಲ್ಲ. ಡಾಕ್ಟರ ಮಾತು ಕೇಳಿ ಕೊಡ್ಲಿಲ್ಲ." ಜನರೆದುರು ಎಂದೂ ಅತ್ತವಳಲ್ಲ, ಈಗ ಬಿಕ್ಕಿ ಬಿಕ್ಕಿ ಅತ್ತಳು.

ಭಟ್ಟರು ಕೈಯಲ್ಲಿದ್ದ ದರ್ಭೆಯನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ತಂದು ಬಡಿಸಿಬಿಡಿ ತಾಯಿ. ದೋಷವಿದ್ದರೆ ನನಗಿರಲಿ," ಅಂದರು.

ಉದಯಕುಮಾರ ಎಲೆಯಲ್ಲಿ ಉಳಿದಿದ್ದ ಅನ್ನವನ್ನು ಒಟ್ಟುಮಾಡಿ, ಸಾರಿಗೆಂದು ನಡುವೆ ಗುಳಿ ತೋಡಿಕೊಂಡು ಕಾದರು.

"ಅಮ್ಮಾ, ತಗೊಂಡು ಬಾ," ಅಂದ ಚಿರಂತನ್.

ರತ್ನಾ ಒಲೆಯ ಕಡೆ ತಿರುಗಿದಳು. ಕರಿಮೆಣಸಿನ ಸಾರಿತ್ತು. ಕಿಟಕಿಯಾಚೆ ಹಣ್ಣು ಗಿಡದಲ್ಲೇ ಇದ್ದವು.

"ಮಾಡಿಲ್ಲ," ಅಂದಳು. "ಅಯ್ಯೋ, ಈ ಸಲವೂ ನಾನು ಮಾಡಿಲ್ಲ ಕಣೋ ಚಿರೂ."

ಉದಯಕುಮಾರರ ಎಲೆಯ ಮೇಲೆ ಅನ್ನದ ಗುಳಿ ಹಾಗೇ ಇತ್ತು.